ಸಂಜೆ ಏಳರ ಕ್ಲಾಸು

ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಸದಾಶಿವನಗರದ ನನ್ನ ಅಡುಗೆಮನೆಯಲ್ಲಿ ಸಂಜೆ ಆರಕ್ಕೆಲ್ಲ ಪಾತ್ರೆ ತೊಳೆದು ಬೋರಲು ಹಾಕಿರುತ್ತದೆ. ಆಟೋ ನಗರದ ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ಯಂತ್ರದ ಬಿಡಿಭಾಗಗಳ ನಕ್ಷೆ ಬಿಡಿಸಿ ನಿವೃತ್ತಳಾದವಳು ನಾನು. ಉಂಡ ಮೇಲಿನ ಆ ಹೊತ್ತು ಖಾಲಿ ಹೊಡೆಯುತ್ತಿತ್ತು. ಶಾಲೆ ಮಕ್ಕಳಿಗೆ ಆನ್‌ಲೈನಿನಲ್ಲಿ ಪುಕ್ಕಟೆ ಗಣಿತ ಹೇಳಿಕೊಡುವವರು ಬೇಕೆಂದು ಒಂದು ಸಂಸ್ಥೆ ಕೇಳಿದಾಗ ಹೆಸರು ಕೊಟ್ಟೆ.

ನನಗೆ ಸಿಕ್ಕವಳು ಖಾನಾಪುರದಾಚೆಯ ಕಾಡಂಚಿನ ಹಳ್ಳಿಯ ಹುಡುಗಿ, ಹತ್ತನೇ ತರಗತಿ. ಗಣಿತದಲ್ಲಿ ಫೇಲಾದರೆ ಓದು ಸಾಕು ಎಂದು ಅಪ್ಪ ಹೇಳಿಬಿಟ್ಟಿದ್ದ. ಪಾಸಾದರೆ ಖಾನಾಪುರದ ಕಾಲೇಜು.

"ಶನಿವಾರ, ರವಿವಾರ ಸಂಜಿ ಏಳಕ್ಕ ಕ್ಲಾಸು. ನಾವ್ ಜೈನರು, ಅಷ್ಟೊತ್ತಿಗೆ ನನ್ನ ಊಟ ಮುಗದಿರತೈತಿ. ನಡೀತೈತಿಲ್ಲ?" ಎಂದು ಮೊದಲ ದಿನ ಕೇಳಿದೆ. ಕೇಳಿದೆ ಅನ್ನುವುದೇ ಸುಳ್ಳು, ಹೇಳಿದೆ.

"ನಡೀತೈತ್ರಿ ಟೀಚರ್," ಅಂದಳು.

ಅವಳ ಕ್ಯಾಮೆರಾ ಆನ್ ಇದ್ದರೂ ನನಗೆ ಕಾಣುತ್ತಿದ್ದುದು ಬರೀ ಕತ್ತಲೆ. ಆ ಕತ್ತಲೆಯನ್ನು ನೋಡುತ್ತ ನೋಡುತ್ತ ನಾನು ಅವಳಿಗೊಂದು ಮನೆ ಕಟ್ಟಿದೆ. ಹೆಂಚಿನ ಮಾಡು, ತೆರೆದ ಕಿಟಕಿ, ಕಿಟಕಿಯಾಚೆ ಹಲಸಿನ ಮರ, ತೂಕಡಿಸುವ ಬೆಕ್ಕು. ಅವಳ ಕಡೆಯಿಂದ ಜೀರುಂಡೆಯ ದನಿ ಬರುತ್ತಿತ್ತು, ಎಲ್ಲೋ ನೀರು ಹರಿಯುವ ಸದ್ದು ಬರುತ್ತಿತ್ತು. ಬಾಯಿ ವೃತ್ತದ ಸ್ಪರ್ಶಕದ ಪ್ರಮೇಯ ಹೇಳುತ್ತಿದ್ದರೆ ಮನಸ್ಸು ರೈಲಿನ ಕಿಟಕಿಗೆ ಗಲ್ಲ ಆನಿಸಿ, ದೇಸೂರು ಸ್ಟೇಷನ್ ದಾಟಿ, ಆ ಮನೆಯ ಹೊಸ್ತಿಲಲ್ಲಿ ಹೋಗಿ ಕೂರುತ್ತಿತ್ತು. ಎಷ್ಟೋ ಸಂಜೆ ಕ್ಲಾಸು ಮುಗಿದ ಮೇಲೂ ಕುರ್ಚಿಯಿಂದ ಏಳುವ ಮನಸ್ಸಾಗುತ್ತಿರಲಿಲ್ಲ. ದೀಪ ಯಾಕೆ ಹಚ್ಚಿಲ್ಲ ಎಂದು ಕೇಳಲೇ ಇಲ್ಲ ನಾನು.

ಒಮ್ಮೆ ಆ ಕತ್ತಲೆಯಲ್ಲಿ ಯಾರೋ ಕೆಮ್ಮಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

"ಯಾರ ಅವ್ರು? ಪಾಠದ ಹೊತ್ತಿನ್ಯಾಗ ಮಂದಿ ಕೂಡಿಸಬ್ಯಾಡ. ಹಿಂಗಾದ್ರ ಕ್ಲಾಸ ಬಂದ್ ಮಾಡ್ತೀನಿ ನೋಡ!"

"ಇಲ್ರಿ ಟೀಚರ್, ಇನ್ನ ಆಗಂಗಿಲ್ರಿ."

ಆಮೇಲೆ ಕೆಮ್ಮು ಕೇಳಲಿಲ್ಲ. ಶಿಸ್ತು ಬಂತು ಎಂದು ಬೀಗಿದೆ.

ಡಿಸೆಂಬರಿನಲ್ಲಿ ಹುಡುಗಿ ಎರಡು ದಿನ ಬರಲಿಲ್ಲ. ಬೈಯಲೆಂದೇ ಫೋನ್ ಮಾಡಿದೆ. ತಾಯಿ ಎತ್ತಿದಳು.

"ಇನ್ನ ಕಳಸಾಕ ಆಗಂಗಿಲ್ರಿ ಟೀಚರ್. ಬ್ರಿಜ್ಜಿನ ಹತ್ರ ಕರಡಿ ಅಡ್ಡಾಡಾಕತ್ತೈತಿ."

"ಬ್ರಿಜ್ಜಿಗೆ ಯಾಕ ಹೋಗ್ತಾಳ?"

"ಊರಾಗ ರೇಂಜ್ ಎಲ್ಲೈತ್ರಿ? ಒಂದ್ ಮೈಲ ನಡದ್ರ ಬ್ರಿಜ್ಜಿನ ಮ್ಯಾಲ ಸಿಗತೈತಿ. ಅಲ್ಲೇ ಕುಂತ ನಿಮ್ಮ ಪಾಠ ಕೇಳ್ತಿದ್ಲು."

"ಆ ಕತ್ತಲಿಯೊಳಗ ಒಬ್ಬಾಕಿನ?"

"ನಾ ಬಡಿಗಿ ಹಿಡಕೊಂಡ ಇರ್ತಿದ್ನಿರಿ. ಮೊದಲ ಬಾಜೂಕ ಕುಂದರ್ತಿದ್ನಿ. ನಾ ಕೆಮ್ಮಿದ್ದಕ್ಕ ನಿಮಗ ತ್ರಾಸ ಆತಲ್ರಿ, ಆವತ್ತಿಂದ ದೂರ ನಿಂದರ್ತಿದ್ನಿ."

ಅಯ್ಯೋ ದೇವರೇ! ನನ್ನ ಹೆಂಚಿನ ಮನೆ, ಹಲಸಿನ ಮರ, ಬೆಕ್ಕು ಎಲ್ಲ ಒಂದೇ ಏಟಿಗೆ ಕುಸಿದವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ಇದಕ್ಕೇ.

"ಮೊದಲ ಯಾಕ ಹೇಳ್ಲಿಲ್ರಿ?" ಎಂದೆ.

"ನಿಮ್ಮ ಧರ್ಮದ ಊಟ. ಅದರ ಹೊತ್ತು ಬದಲಿ ಮಾಡ್ರಿ ಅಂತ ನಾವ್ ಹೆಂಗ ಹೇಳೂದ್ರಿ?"

ನಾಚಿಕೆಯಿಂದ ಕಿವಿ ಬಿಸಿಯಾದವು. ನಾನು ಮಾಡಬೇಕಿದ್ದುದು ಎಷ್ಟರ ಕೆಲಸ? ನಾಲ್ಕೂವರೆಗೆ ಉಂಡರೆ ಯಾವ ವ್ರತವೂ ಕೆಡುವುದಿಲ್ಲ.

"ತಪ್ಪ ನಂದ್ರಿ," ಅಂದೆ. "ಇನ್ನ ಮುಂದ ಐದಕ್ಕ ಹೇಳ್ಕೊಡ್ತೀನಿ, ಹೊತ್ತ ಮುಳಗೂದ್ರಾಗ ಮನಿ ಸೇರ್ರಿ. ನೀವು ಬಾಜೂಕ ಕುಂದರ್ರಿ. ಎಷ್ಟ ಬೇಕಾದ್ರೂ ಕೆಮ್ಮ್ರಿ!"

ಆಕೆ ನಕ್ಕಳು. "ಆತ್ರಿ, ಕಳಸ್ತೀನಿ," ಅಂದಳು.

ಆ ಶನಿವಾರ ಹುಡುಗಿಯ ಮುಖವನ್ನು ಮೊದಲ ಸಲ ಬೆಳಕಿನಲ್ಲಿ ಕಂಡೆ. ಸೇತುವೆಯ ಕಟ್ಟೆಯ ಮೇಲೆ ತಾಯಿ ಮಗಳು, ಹಿಂದೆ ಹೊಂಬಿಸಿಲಿನಲ್ಲಿ ತೇಲುವ ಕಾಡು. ನನ್ನ ಕನಸಿನ ಮನೆಗಿಂತ ಚೆಂದವಿತ್ತು. ನಿಲ್ಲಿಸಿದಲ್ಲಿಂದ ಪಾಠ ಮುಂದುವರಿಸಿ, ತಿಳಿಯಿತೇ ಎಂದೆ. ಹುಡುಗಿ ಎಂದಿನ ಹಾಗೆ ಹೂಂ ಅಂದಳು.

"ಸುಳ್ಳ್ರಿ ಟೀಚರ್," ಅಂದಳು ತಾಯಿ. "ತಿಳೀದಿದ್ರ ಈಕಿ ತಲಿ ಕೆರಕೋತಾಳ. ಆಗಿಂದ ಕೆರಕೊಳ್ಳಾಕತ್ತಾಳ. ನಿಮಗ ಅಂಜಿ ಹೂಂ ಅಂತಾಳ."

"ಆಯೀ!" ಎಂದು ತಾಯಿಗೆ ಗದರಿ ಹುಡುಗಿ ಮುಖ ಮುಚ್ಚಿಕೊಂಡಳು.

ನಾಲ್ಕು ತಿಂಗಳ ಹೂಂಗಳೆಲ್ಲ ಇಂಥವೇ ಎಂದು ಗೊತ್ತಾದಾಗ ಸಿಟ್ಟು ಬರಲಿಲ್ಲ, ದಿಗಿಲಾಯಿತು. ಪರೀಕ್ಷೆಗೆ ಮೂರೇ ತಿಂಗಳು. ವೃತ್ತ ಅಂದರೇನು ಎಂಬಲ್ಲಿಂದ ಮತ್ತೆ ಶುರು ಮಾಡಿದೆ. ಆಮೇಲೆ ತಿಳಿಯಿತೇ ಎಂದು ಮಗಳನ್ನು ಕೇಳಲೇ ಇಲ್ಲ. ಮಗಳ ಕೈ ತಲೆಗೆ ಹೋದರೆ ತಾಯಿ ಬಡಿಗೆ ಕುಟ್ಟುವಳು, ನಾನು ಇನ್ನೊಮ್ಮೆ ಹೇಳುವೆ. ಮಾರ್ಚಿನವರೆಗೂ ನಮ್ಮ ಕ್ಲಾಸು ಹೀಗೇ ನಡೆಯಿತು.

ಫಲಿತಾಂಶದ ದಿನ ಫೋನ್ ಬಂತು. ಹುಡುಗಿಗೆ ಅಳುವಿನಲ್ಲಿ ಮಾತೇ ಹೊರಡುತ್ತಿಲ್ಲ. ಫೇಲಾದಳು ಎಂದುಕೊಂಡೆ. ಅಷ್ಟರಲ್ಲಿ ತಾಯಿ ಫೋನ್ ಕಸಿದುಕೊಂಡಳು.

"ಟೀಚರ್ ರೀ, ನಾವು ಪಾಸ್ ಆದ್ವಿರಿ!"

ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಆಕೆ. ಫೋನನ್ನು ಕಿವಿಗೆ ಹಿಡಿದುಕೊಂಡೇ ನಾನು ಗೊಳೋ ಎಂದು ಅತ್ತುಬಿಟ್ಟೆ.