ನಾಲ್ಕನೇ ನೆನಪೋಲೆ

ನಮ್ಮ ಚಿಕ್ಕಮ್ಮ ರಾಜ್ಯದ ಶಾಸನಸಭೆಯಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದರು. ಸಭೆ ಒಪ್ಪಿದ ಕೆಲವು ಮಸೂದೆಗಳು ಕೇಂದ್ರದ ಒಪ್ಪಿಗೆಗೆ ಹೋಗಬೇಕಿತ್ತು. ಹೋದವು ವರ್ಷಗಟ್ಟಲೆ ಅಲ್ಲೇ ಬಿದ್ದಿರುತ್ತಿದ್ದವು. ಆರು ತಿಂಗಳಿಗೊಮ್ಮೆ ಚಿಕ್ಕಮ್ಮ ನೆನಪೋಲೆ ಟೈಪ್ ಮಾಡುತ್ತಿದ್ದರು: "ತಮ್ಮ ಒಪ್ಪಿಗೆಯನ್ನು ಇನ್ನೂ ನಿರೀಕ್ಷಿಸಲಾಗುತ್ತಿದೆ." ಅವತ್ತು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು. "ಅಲ್ಲಿ ಕೂತವರಿಗೆ ಇಲ್ಲಿನ ಕಷ್ಟ ಏನು ಗೊತ್ತು? ನಮ್ಮನೆ ವಿಷಯಕ್ಕೂ ಅವರನ್ನೇ ಕೇಳಬೇಕಾ?"

ಇಂಥವರು ನಿವೃತ್ತಿಯಾದ ಮೇಲೆ ಮನೆಯಲ್ಲಿ ತಾವೇ ಕೇಂದ್ರವಾಗಿ ಕೂತರು! ಅಡುಗೆಯೆಲ್ಲ ಸೊಸೆಯದು. ಆದರೆ ಸೆಕೆ ತಡೆಯೋಕಾಗಲ್ಲ, ಗ್ಯಾಸ್ ಒಲೆಯನ್ನು ಕಿಟಕಿ ಪಕ್ಕಕ್ಕೆ ಸರಿಸೋಣ ಅಂತ ಅವಳು ಕೇಳಿದಾಗಲೆಲ್ಲ, "ನೋಡೋಣಮ್ಮ" ಅನ್ನುತ್ತಿದ್ದರು. ಎರಡು ವರ್ಷ ನೋಡಿದರು. ಮಹಡಿ ಮೇಲಿದ್ದ ನನಗೇ ಮೈ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಸೊಸೆ ಕಾಫಿ ಲೋಟದ ಪಕ್ಕ ಒಂದು ಹಾಳೆ ಇಟ್ಟಳು. "ಒಲೆ ಸ್ಥಳಾಂತರದ ಬಗ್ಗೆ ತಮ್ಮ ಒಪ್ಪಿಗೆಯನ್ನು ಇನ್ನೂ ನಿರೀಕ್ಷಿಸಲಾಗುತ್ತಿದೆ. ಇದು ನಾಲ್ಕನೇ ನೆನಪೋಲೆ."

ಚಿಕ್ಕಮ್ಮನ ಮುಖ ಕೆಂಪಾಯಿತು. ಪೆನ್ನು ತೆಗೆದು ಕೆಳಗೆ ಬರೆದರು: "ಒಲೆ ಅಡುಗೆ ಮಾಡುವವಳದು. ಸಿಲಿಂಡರ್ ಸಿಡಿದರೆ ಎಲ್ಲರೂ ಹೋಗ್ತೀವಿ, ಅದು ಮಾತ್ರ ನಾನು ಹೇಳಿದಲ್ಲೇ ಇರಬೇಕು."

ಸಹಿ ಹಾಕಲು ಹೋದ ಕೈ ಅಲ್ಲೇ ನಿಂತಿತು. "ನಿನ್ನ ಒಲೆಗೆ ನನ್ನ ಸಹಿ ಯಾಕೆ?" ಅಂದರು. "ಮೂವತ್ತು ವರ್ಷ ನಾನು ಕೇಳಿದ್ದೂ ಇದನ್ನೇ."

ಎದ್ದು ಹೋಗಿ ಒಲೆಯ ಒಂದು ಬದಿ ಹಿಡಿದರು.