ತೊಟ್ಟಿಲಿಗೆ ಬಂದ ಗೊರಿಲ್ಲಾ ಅರಸ

ಆ ಆರು ಕಾಮಿಕ್ಸ್ ಪುಸ್ತಕಗಳನ್ನು ನಮ್ಮ ಮನೆಗೆ ತಂದವನು ಮೊರಬದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಒಬ್ಬ ಮೇಸ್ತ್ರಿ. ಮೂವತ್ತು ದಾಟಿದ ಮುಸಲ್ಮಾನ ಗೃಹಸ್ಥ. ಮದುವೆಯಾಗಿ ಎಂಟು ವರ್ಷಕ್ಕೆ ಹೆಂಡತಿ ಬಸುರಿ. ನಮ್ಮ ಕಲಘಟಗಿಯ ತೊಟ್ಟಿಲೇ ಬೇಕೆಂದು ಅವನ ತಾಯಿ ಹಟ ಹಿಡಿದಿದ್ದರಂತೆ. ಅದರ ಮೇಲಿನ ಚಿತ್ರ ಮಾತ್ರ ಅವನ ಆಯ್ಕೆ.

“ಅಕ್ಕಾರ, ದೇವರ ಚಿತ್ರ ಬ್ಯಾಡ್ರಿ. ಈ ಅರಸನ್ನ ಬರದ ಕೊಡ್ರಿ,” ಎಂದು ಒಂದು ಪುಟ ಬಿಚ್ಚಿ ತೋರಿಸಿದ. ಹಾಳೆಯ ಅಂಚಿಗೆಲ್ಲ ಗ್ರೀಸಿನ ಬೆರಳಚ್ಚು. ಕಲ್ಲಿನ ಸಿಂಹಾಸನದ ಮೇಲೆ ಕೈಗಳನ್ನು ಮೊಣಕಾಲಿಗೆ ಊರಿ ಕೂತ ಒಂದು ಗೊರಿಲ್ಲಾ. “ನಮ್ಮ ಅಬ್ಬಾ ಹುಬ್ಬಳ್ಳಿ ರದ್ದಿ ಅಂಗಡಿಯಿಂದ ಇವನ್ನ ಆರಿಸಿ ತರತಿದ್ರು. ಇಂಗ್ಲೀಷ್ ತಿಳೀತಿರಲಿಲ್ಲ. ಚಿತ್ರಾ ನೋಡಿ ಅಬ್ಬಾನ ಕಥಿ ಕಟ್ಟಿ ಹೇಳತಿದ್ರು.”

ಆ ಹೊತ್ತಿಗೆ ಮಾವ ಕಣ್ಣಿನ ಪೊರೆ ತೆಗೆಸಲು ಹುಬ್ಬಳ್ಳಿಗೆ ಹೋಗಿದ್ದರು. ತೊಟ್ಟಿಲು ಮಾಡುವ ನಮ್ಮ ಮನೆಯಲ್ಲಿ ಕೆಲಸ ಒಪ್ಪುವವರು ಮಾವ, ಬೇಡವೆನ್ನುವವರೂ ಅವರೇ. ನನ್ನ ಗಂಡ ಬಸ್ ಕಂಡಕ್ಟರ್, ಕುಂಚ ಅವರ ಕೈಗೆ ಒಗ್ಗಲಿಲ್ಲ. ಕುಬಿಹಾಳದಿಂದ ಸೊಸೆಯಾಗಿ ಬಂದ ನಾನು ಅರಗು ಕಾಸುವುದರಿಂದ ಶುರುಮಾಡಿ ಬಳ್ಳಿ, ಹೂವು, ಕಡೆಗೆ ಆಕೃತಿಗಳವರೆಗೆ ಬಂದಿದ್ದೆ. ಮಾವನ ಕೈ ನಡುಗಲು ಶುರುವಾದ ಮೇಲೆ ಬಹುಪಾಲು ಚಿತ್ರ ನನ್ನದೇ. ಕಣ್ಣು ಮಾತ್ರ ಅವರದು. ಎಲ್ಲ ಮುಗಿದ ಮೇಲೆ ಅವರು ಬಂದು ಪ್ರತಿ ಆಕೃತಿಗೂ ಕಣ್ಣುಗುಡ್ಡೆ ಇಡಬೇಕು. ಅದಾಗದೆ ತೊಟ್ಟಿಲು ಮನೆ ಬಿಡುವುದಿಲ್ಲ.

ಅವರನ್ನು ಕೇಳದೆಯೇ ನಾನು ಹೂಂ ಅಂದೆ. ಅಂದ ಮರುಕ್ಷಣದಿಂದ ಒಂದು ಕಡೆ ಕೂರಲಾಗಲಿಲ್ಲ.

ಮಧ್ಯಾಹ್ನ ಬಣ್ಣ ಆರುವಾಗ ಆ ಪುಸ್ತಕಗಳನ್ನು ಓದಿದೆ. ಪಿಯುಸಿ ಇಂಗ್ಲೀಷ್ ಎಷ್ಟು ಎಳೆದೀತು, ಉಳಿದದ್ದಕ್ಕೆ ಚಿತ್ರವೇ ದಿಕ್ಕು. ಕಾಡಿನೊಳಗೆ ಯಾರಿಗೂ ಕಾಣದ ಗೊರಿಲ್ಲಾಗಳ ನಗರ. ಅರಸ ತಿಳಿದವನು. ದಾರಿ ತಪ್ಪಿ ಬಂದ ಮನುಷ್ಯರಿಗೂ ಅನ್ನ ಹಾಕುತ್ತಾನೆ, ತಾನಾಗಿ ಯಾರ ಮೇಲೂ ಕೈ ಎತ್ತುವುದಿಲ್ಲ. ಅವನ ಎದುರಾಳಿ ಇನ್ನೊಂದು ಗೊರಿಲ್ಲಾ, ಬುದ್ಧಿಯಲ್ಲಿ ಅರಸನಿಗೆ ಕಡಿಮೆಯಿಲ್ಲ. ಇನ್ನೊಬ್ಬರ ತಲೆಯೊಳಗೆ ಹೊಕ್ಕು ತನಗೆ ಬೇಕಾದದ್ದನ್ನೇ ಅವರ ಬಾಯಿಂದ ಆಡಿಸಬಲ್ಲ. ಅವನಿಗೆ ಸಿಂಹಾಸನ ಬೇಕು. ಮಿಂಚಿನಂತೆ ಓಡುವ ಕೆಂಪು ಅಂಗಿಯ ಸೂಪರ್‌ಹೀರೋ ಒಬ್ಬ ಬಂದು ಅರಸನಿಗೆ ನೆರವಾಗುತ್ತಾನೆ, ಎದುರಾಳಿ ಸೆರೆಗೆ ಬೀಳುತ್ತಾನೆ, ಮುಂದಿನ ಪುಸ್ತಕದಲ್ಲಿ ಅರಸನಿಗೆ ಮೋಸಮಾಡಿ ಮತ್ತೆ ಹೊರಗೆ.

ಅರಸನ ಮೇಲೆ ನನಗೆ ಸಿಟ್ಟೇ ಬಂತು. ಒಂದು ಕಡೆ ಅವನು ತನ್ನ ಸಭೆಯಲ್ಲಿ ಎದುರಾಳಿಯ ಬಗ್ಗೆ, “ಅವನೂ ಈ ಊರಿನ ಮಗನೇ, ಅವನ ಮಾತನ್ನೂ ಕೇಳೋಣ” ಎನ್ನುತ್ತಾನೆ. ಪುಸ್ತಕ ಮಡಚಿ ಎದ್ದುಹೋಗಿ ಬಾವಿಕಟ್ಟೆಯ ಹತ್ತಿರ ಸುಮ್ಮನೆ ಅಡ್ಡಾಡಿದೆ. ಎದುರಾಳಿಯ ತುಡಿತ ಮಾತ್ರ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಹಾಗೆ ಅರ್ಥವಾಗುವುದು ನನಗೆ ಹಿತವೆನಿಸಲಿಲ್ಲ.

ಮಾವ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಬಂದರು. ತಲೆಕಡೆಯ ಹಲಗೆಯ ಒಳಮೈ ಮೇಲೆ ನಾನು ಗೀಚಿದ್ದನ್ನು ಬೆರಳಿನಿಂದ ಸವರಿದರು.

“ಇದ ಏನವಾ?”

“ಗೊರಿಲ್ಲಾರಿ. ಅರಸ.”

“ಯಾರ್ನ ಕೇಳಿ ಒಪ್ಪಿಕೊಂಡಿ?”

“ನೀವ ಇರಲಿಲ್ಲಲ್ರಿ.”

“ಇರಲಿಲ್ಲ, ಸತ್ತಿರಲಿಲ್ಲ,” ಎಂದು ಒಳಗೆ ಹೋದವರು ಮೂರು ದಿನ ಕೆಲಸದ ಕೋಣೆಗೆ ಕಾಲಿಡಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ಉಂಡು ಏಳುತ್ತಿದ್ದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ಬರೆಯುತ್ತ ಹೋದೆ. ಹಲಗೆಗಳ ಒಳಮೈಗೆ ತಲೆಕಡೆ ಅರಸ, ಕಾಲಕಡೆ ಎದುರಾಳಿ, ಎರಡು ಬದಿಗೆ ಮರಗಳೂ ನಗರದ ಗೋಪುರಗಳೂ. ಮೊರಬದವನು ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದ. “ಆತೇನ್ರಿ ಅಕ್ಕಾರ? ಡಾಕ್ಟರು ಹೆರಿಗಿ ಇನ್ನ ಯಾವಾಗರ ಆಗಬಹುದು ಅಂದಾರ.” ಒಂದು ಬೆಳಗ್ಗೆ ಮಾವ ಮಠಕ್ಕೆ ಹೋದಾಗ ಸಣ್ಣ ಕುಂಚ ತೆಗೆದುಕೊಂಡೆ. ಕೈ ಅರಸನ ಕಡೆ ಹೋಗಲಿಲ್ಲ. ಎದುರಾಳಿಗೆ ಕಣ್ಣಿಟ್ಟೆ. ಎರಡೇ ಚುಕ್ಕೆ, ಅವುಗಳ ಪಕ್ಕ ಬಿಳಿಯ ಒಂದೊಂದು ಕಣ. ಹಲಗೆಯೊಳಗಿನಿಂದ ಯಾರೋ ತಟ್ಟನೆ ನನ್ನತ್ತ ತಿರುಗಿದಂತಾಯಿತು. ಅಷ್ಟು ಒಳ್ಳೆಯ ಕಣ್ಣನ್ನು ನಾನು ಹಿಂದೆಂದೂ ಬರೆದಿರಲಿಲ್ಲ, ಬರೆಯಲು ನನ್ನನ್ನು ಬಿಟ್ಟೂ ಇರಲಿಲ್ಲ.

ಅರಸನದು ಕೂಡಿಬರಲಿಲ್ಲ. ಇಟ್ಟೆ, ಬ್ಲೇಡಿನಿಂದ ಕೆರೆದೆ, ಮತ್ತೆ ಇಟ್ಟೆ. ಮೂರು ಸಲ. ಪ್ರತಿ ಸಲವೂ ಫೋಟೋಕ್ಕೆ ಕೂತ ಪಂಚಾಯ್ತಿ ಮೆಂಬರನ ಹಾಗೆ ಕಾಣುತ್ತಿದ್ದ.

ಆ ವಾರವೇ ಮೇಸ್ತ್ರಿ ತಾಯಿಯನ್ನು ಕರೆದುಕೊಂಡು ಬಂದ. ಆಕೆ ತೊಟ್ಟಿಲ ಸುತ್ತ ಒಂದು ಸುತ್ತು ಬಂದು ಕಾಲಕಡೆಯ ಚಿತ್ರ ನೋಡುತ್ತ ನಿಂತುಬಿಟ್ಟರು.

“ಇಂವ ಯಾರವಾ? ನನ್ನ ಮೊಮ್ಮಗೂನ್ನ ನುಂಗೂ ಹಂಗ ನೋಡಾಕತ್ತಾನಲ್ಲ. ಅಳಿಸಿ ಬಿಡು.”

“ಅಮ್ಮೀ, ಅವನ್ನ ಬಿಟ್ರ ಕಥೀನ ಇಲ್ಲ,” ಎಂದ ಮಗ.

“ಕಥಿ ನಿನಗ ಬೇಕು. ಮಲಗೂದು ಕೂಸು.”

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಮಾವ. ಪಟ್ಟಿ ತೆಗೆದಿದ್ದರು, ಕಣ್ಣಿನ್ನೂ ಕೆಂಪಗಿತ್ತು. ಬಂದವರೇ ಮೂಗು ಹಲಗೆಗೆ ತಾಗುವಷ್ಟು ಬಾಗಿ ಎದುರಾಳಿಯನ್ನು ನೋಡಿದರು. ಆಮೇಲೆ ಅರಸನನ್ನು.

“ಕಣ್ಣ ನೀನ ಇಟ್ಟಿ?”

“ಹೌದ್ರಿ.”

“ಇಂವ ಉಸರಾಡಾಕತ್ತಾನ. ಅರಸ ಯಾಕ ಹಿಂಗ ಕಟ್ಟಿಗಿ ಆಗ್ಯಾನ?”

“ಗೊತ್ತಾಗವಲ್ದರಿ.”

“ಕಥಿ ಹೇಳು.”

ಹೇಳಿದೆ. ನಾನು ಬಿಟ್ಟಲ್ಲಿ ಮೇಸ್ತ್ರಿ ಕೂಡಿಸಿದ. ಅವನ ಕಥೆಯಲ್ಲಿ ಆ ಅರಸ ನಮ್ಮ ಮಂದಿಯ ಹಾಗೆಯೇ ಮಾತಾಡುತ್ತಿದ್ದ. ಅವನ ತಂದೆ ಹೇಳಿದ ರೀತಿ ಅದು ಎಂದು ಗೊತ್ತಾಗುತ್ತಿತ್ತು. ಎಲ್ಲ ಕೇಳಿ ಮಾವ, “ಒಂದ ಸಲ ಮೋಸ ಹೋಗೂದು ದೊಡ್ಡತನ. ನಾಕ ಸಲ ಹೋಗೂದು ಅರಸಗ ಚಂದಲ್ಲ,” ಎಂದರು. ಮೇಸ್ತ್ರಿ ನಕ್ಕ. ಮಾವ ನಗಲಿಲ್ಲ. ಹಲಗೆ ತಟ್ಟಿ ಹೇಳಿದರು: “ನೀ ಇವರಿಬ್ಬರ್ನೂ ನಮ್ಮನ್ನ ನೋಡೂ ಹಂಗ ಬರದಿ. ನಾವೇನ ತೊಟ್ಟಲಾಗ ಮಲಗತೇವೇನು? ಅರಸ ಕೆಳಗ ಕೂಸಿನ್ನ ನೋಡಬೇಕು. ಈ ಇನ್ನೊಬ್ಬಂವ ಎದುರಿನ ಅರಸನ್ನ ನೋಡಬೇಕು. ಆಗ ಕೂಸಿನ ತಂಟೇಕ ಬರೂದಿಲ್ಲ.”

ಮುದುಕಿ ಸ್ವಲ್ಪ ಯೋಚಿಸಿ, “ಹಂಗಾದ್ರ ಇರಲಿ ಬಿಡ್ರಿ,” ಎಂದರು.

ಅಂದರೆ ಎದುರಾಳಿಯ ಆ ಕಣ್ಣುಗಳನ್ನು ನಾನು ಕೆರೆಯಬೇಕಿತ್ತು. “ಅದನ್ನ ಹಂಗ ಬಿಡೂಣ್ರಿ,” ಎಂದೆ. ದನಿ ನನಗೇ ಗುರುತು ಸಿಗಲಿಲ್ಲ. ಮಾವ ಸ್ಟೂಲು ಎಳೆದುಕೊಂಡು ಕೂತರು. ಅವರ ಮಾತು ಸರಿಯೆಂದು ನನಗೂ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಉರಿಯಿತು. ಬ್ಲೇಡು ತೆಗೆದುಕೊಂಡೆ. ಬಣ್ಣ ಪುಡಿಯಾಗಿ ಸೀರೆಯ ಮೇಲೆ ಬಿತ್ತು. ಕೆರೆಯುತ್ತ ಅತ್ತುಬಿಟ್ಟೆ.

ಕುಂಚವನ್ನು ಮಾವನ ಕೈಗೆ ಕೊಡಹೋದೆ. “ನನಗ ಚುಕ್ಕಿ ಎರಡೆರಡ ಕಾಣಾಕತ್ತಾವು. ನೀನ ಹಾಕು,” ಎಂದು ಗೋಡೆಯ ಕಡೆ ಮುಖ ಮಾಡಿ ಕೂತರು. ಹಾಕಿದೆ. ಕೆಳಗೆ ನೋಡುವ ಅರಸನಿಗೆ ಹೇಗೋ ಜೀವ ಬಂತು, ಒಂದು ಕಣ್ಣು ತುಸು ದೊಡ್ಡದಾಯಿತು. ಎದುರಾಳಿಯ ಹೊಸ ಕಣ್ಣು ಚೆನ್ನಾಗಿಯೇ ಇತ್ತು, ಆದರೆ ಆ ಮೊದಲಿನದು ಮತ್ತೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ತೊಟ್ಟಿಲು ಟೆಂಪೋದಲ್ಲಿ ಮೊರಬಕ್ಕೆ ಹೋಯಿತು. ಹೆಣ್ಣುಮಗು ಹುಟ್ಟಿತು, ತಾಯಿ ಕೂಸು ಚೆನ್ನಾಗಿದ್ದಾರೆ ಎಂದು ಅವನೇ ಫೋನು ಮಾಡಿ ಹೇಳಿದ. ಪುಸ್ತಕಗಳನ್ನು ಮರಳಿ ಕೊಟ್ಟುಕಳಿಸಿದೆ.

ಇನ್ನು ನಮ್ಮ ಮನೆ ಒಂದು ಹದಕ್ಕೆ ಬಂತು ಎಂದುಕೊಂಡಿದ್ದೆ. ಹದಿನೈದು ದಿನ ಕಳೆಯುವುದರೊಳಗೆ ಮಾವ ನನಗೆ ಒಂದು ಮಾತೂ ಹೇಳದೆ ಯಾರಿಗೋ ಆನೆಗಳ ಸಾಲಿನ ತೊಟ್ಟಿಲು ಒಪ್ಪಿಕೊಂಡುಬಿಟ್ಟಿದ್ದರು, ಅದೂ ಎಂಟೇ ದಿನದಲ್ಲಿ ಕೊಡುತ್ತೇನೆಂದು. ನಾನು ಕೂಗಾಡಿದೆ. ಅವರು ರೊಟ್ಟಿ ಮುರಿಯುತ್ತ, “ಸೊಂಡಿಲು ಸಣ್ಣದ ಮಾಡಬ್ಯಾಡ,” ಎಂದರು. ಕೈ ತೊಳೆದುಕೊಂಡು ಒಳಗೆ ಹೋಗಿ ಆನೆ ಬರೆಯಲು ಕೂತೆ. ಮೊದಲನೆಯ ಆನೆ ಸಿಟ್ಟಿನಲ್ಲಿ ಡೊಂಕಾಯಿತು, ಅದನ್ನೂ ಕೆರೆದೆ.