ಬಾಣಂತಿ ಬಚ್ಚಲಿನ ಗ್ಯಾಸ್ ಗೀಸರ್

ಕೋವಿಡ್ ಹಾವಳಿ ತಣ್ಣಗಾದ ಮರುವರ್ಷ. ನಾನಾಗ ಸಾಗರದ ಒಂದು ಗ್ಯಾಸ್ ಏಜೆನ್ಸಿಯಲ್ಲಿ ಸರ್ವೀಸ್ ಮೆಕ್ಯಾನಿಕ್. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲ್ಲೂಕಿನ ಕಂಪ್ಲೇಂಟುಗಳು ನನ್ನ ಪಾಲಿಗಿದ್ದವು. ಬೈಕಿನಲ್ಲಿ ಸುತ್ತಿ ಸುತ್ತಿ ಸೊಂಟ ಹಣ್ಣಾಗಿತ್ತು. ಹೊಸದಾಗಿ ಕಟ್ಟಿದ ಮನೆಗಳಿಗೆಲ್ಲ ಆಗ ಗ್ಯಾಸ್ ಗೀಸರ್ ಬರುತ್ತಿತ್ತು. ಗೋಡೆಗೆ ತೂಗುಹಾಕುವ ಆ ಪೆಟ್ಟಿಗೆಯೊಳಗೆ, ನಲ್ಲಿ ತಿರುಗಿಸಿದ ಕೂಡಲೇ ಬರ್ನರ್ ಹೊತ್ತಿಕೊಂಡು ನೀರು ಕಾಯುತ್ತದೆ. ಒಳಗಿರುವುದು ಬೆಂಕಿ ಎಂಬುದು ಜನಕ್ಕೆ ಬೇಗ ಮರೆತುಹೋಗುತ್ತದೆ. ಮನೆಮನೆಯಲ್ಲೂ ಅದನ್ನೇ ಹೇಳಿ ಹೇಳಿ ನನಗೂ ಸಾಕಾಗಿತ್ತು.

ಒಂದು ಬೆಳಿಗ್ಗೆ ಹೊಸನಗರದಿಂದ ಮಂಜುನಾಥ ಎಂಬಾತ ಫೋನ್ ಮಾಡಿದ. ಅಲ್ಲಿ ಅವನದೊಂದು ಟೈರ್ ಅಂಗಡಿ.

"ಗೀಸರ್ ಒಂದ್ಸಲ ನೋಡ್ಬೇಕಿತ್ತು ಸಾರ್. ಕೆಟ್ಟಿಲ್ಲ. ಡಾಕ್ಟ್ರು ನೋಡ್ಸಿ ಅಂದ್ರು."

ಕೆಡದ ಯಂತ್ರವನ್ನು ಡಾಕ್ಟರು ನೋಡಿಸಲು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಾನು ಬರುವ ತನಕ ಯಾರೂ ಸ್ನಾನಕ್ಕೆ ಇಳಿಯಬೇಡಿ ಎಂದು ಹೇಳಿ ಹೊರಟೆ.

ನಡೆದದ್ದು ಇಷ್ಟು. ಮಂಜುನಾಥನ ತಂಗಿ ಸುಮಾ ಹೆರಿಗೆಯಾಗಿ ತವರಿನಲ್ಲಿದ್ದಳು. ಬಾಣಂತನ ಮಾಡುತ್ತಿದ್ದವರು ತಾಯಿ ಗಿರಿಜಮ್ಮ. ಮೊದಲ ವಾರವೇ ಸುಮಾ ಬಚ್ಚಲಿನಿಂದ ಹೊರಬರುವಾಗ ತಲೆ ಸುತ್ತಿ ಕುಸಿದಿದ್ದಳು. ರಕ್ತ ಕಡಿಮೆ ಇದೆ, ನಿಶ್ಶಕ್ತಿ ಎಂದು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಕಳಿಸಿದರು. ಹಸಿ ಬಾಣಂತಿಗೆ ತಲೆ ಸುತ್ತಿದರೆ ಯಾರಿಗೂ ಸಂಶಯ ಬರುವುದಿಲ್ಲ. ಆದರೆ ಎರಡನೇ ಸಲ ಅವಳು ಬಚ್ಚಲಲ್ಲೇ ಪ್ರಜ್ಞೆ ತಪ್ಪಿದಾಗ, ನೀರು ಹಾಕುತ್ತಿದ್ದ ಗಿರಿಜಮ್ಮನೂ ಹೊಸ್ತಿಲ ಮೇಲೆ ವಾಂತಿ ಮಾಡಿಕೊಂಡು ಕೂತುಬಿಟ್ಟರು. ಆಸ್ಪತ್ರೆಯ ಲೇಡಿ ಡಾಕ್ಟರು ಕೇಳಿದ ಪ್ರಶ್ನೆ ಒಂದೇ: "ಮಗಳಿಗೆ ನಿಶ್ಶಕ್ತಿ ಸರಿ, ನಿಮಗೇನಾಯ್ತು? ನೀರು ಯಾವುದರಲ್ಲಿ ಕಾಯಿಸ್ತೀರಿ?" ಇಬ್ಬರಿಗೂ ಆಕ್ಸಿಜನ್ ಕೊಟ್ಟರು. ಗಿರಿಜಮ್ಮ ಚೇತರಿಸಿಕೊಂಡು ಮನೆಗೆ ಬಂದಿದ್ದರು. ಸುಮಾ ಮಗುವಿನೊಂದಿಗೆ ಇನ್ನೂ ಆಸ್ಪತ್ರೆಯಲ್ಲಿದ್ದಳು.

ನಾನು ಹೋಗಿ ನೋಡಿದೆ. ಒಬ್ಬರು ಕೈಚಾಚಿದರೆ ಎರಡೂ ಗೋಡೆ ಸಿಗುವಷ್ಟು ಸಣ್ಣ ಬಚ್ಚಲು. ನೆಲದಿಂದ ಸೂರಿನವರೆಗೆ ಟೈಲ್ಸ್, ಬಿಗಿಯಾದ ಅಲ್ಯೂಮಿನಿಯಂ ಕಿಟಕಿ. ಗೀಸರ್ ಒಳಗೇ ಇತ್ತು. ಅದರ ಮೇಲಿನ ವೆಂಟಿಲೇಟರಿಗೆ ಹಳೆಯ ಸೀರೆಯೊಂದನ್ನು ಗಿಡಿದು ತುಂಬಿದ್ದರು.

"ವಾಸ್ನೆ ಬಂದಿಲ್ಲ ಸಾರ್, ಲೀಕ್ ಇಲ್ಲ" ಎಂದ ಮಂಜುನಾಥ.

ಲೀಕ್ ಇರಲಿಲ್ಲ, ಅದು ನಿಜ. ಸಿಲಿಂಡರಿನ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ, ಸೋರಿದರೆ ಮೂಗಿಗೆ ಗೊತ್ತಾಗುತ್ತದೆ. ಇಲ್ಲಿ ತೊಂದರೆ ಕೊಟ್ಟದ್ದು ಉರಿದ ಮೇಲೆ ಬರುವ ಗಾಳಿ. ಮುಚ್ಚಿದ ಕೋಣೆಯಲ್ಲಿ ಬೆಂಕಿ ಆಮ್ಲಜನಕವನ್ನು ತಿಂದು ಮುಗಿಸುತ್ತ ಬಂದಂತೆ ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ತಲೆ ಸುತ್ತುವ ಹೊತ್ತಿಗೆ ಚಿಲಕ ತೆಗೆಯಲೂ ಕೈಯಲ್ಲಿ ಬಲವಿರುವುದಿಲ್ಲ.

"ನಮ್ಮ ಹಳೇ ಮನೇಲಿ ಹಂಡೆ ಒಲೆ ಬಚ್ಚಲೊಳಗೇ ಇತ್ತಲ್ಲ. ನಾಲ್ಕು ಬಾಣಂತನ ಆಯ್ತು ಅಲ್ಲಿ" ಎಂದರು ಗಿರಿಜಮ್ಮ.

"ಅದಕ್ಕೆ ಹೆಂಚಿನ ಮಾಡು ಇತ್ತಮ್ಮ, ಸಂದಿಯಲ್ಲಿ ಗಾಳಿ ಆಡ್ತಿತ್ತು. ಹೊಗೆ ತುಂಬಿದ್ರೆ ಕಣ್ಣುರಿದು ನೀವೇ ಹೊರಗೆ ಬರ್ತಿದ್ರಿ. ಇದು ಕಣ್ಣಿಗೂ ತಾಗಲ್ಲ."

ಅವರು ಬಚ್ಚಲಿನೊಳಕ್ಕೆ ನೋಡಿದರು. "ಮಗೂಗೂ ಅಲ್ಲೇ ನೀರು ಹಾಕ್ತಿದ್ದೆ" ಎಂದರು. ದಿನವೂ ಮಗುವಿನ ಸ್ನಾನ ಮೊದಲು, ತಾಯಿಯದು ಆಮೇಲೆ. ಕೋಣೆಯ ಗಾಳಿ ಕೆಡುವ ಮುಂಚೆ ಮಗು ಹೊರಗೆ ಬಂದಿರುತ್ತಿತ್ತು. ಅದನ್ನು ಬಿಡಿಸಿ ಹೇಳುವುದು ಬೇಡವೆಂದುಕೊಂಡೆ. ಆದರೆ ಅವರಿಗೆ ಅಷ್ಟರಲ್ಲೇ ಅರ್ಥವಾಗಿತ್ತು. ಗೋಡೆಗೆ ಕೈ ಊರಿ ನಿಂತುಕೊಂಡರು.

ನಾನು ಸೀರೆಯನ್ನು ಎಳೆದು ತೆಗೆದು, ಎಲ್ಲ ಮನೆಯಲ್ಲೂ ಹೇಳುವ ಮಾತನ್ನೇ ಹೇಳಿದೆ: ಇದನ್ನು ಯಾವತ್ತೂ ಮುಚ್ಚಬೇಡಿ.

"ನಿಮ್ಮ ಹತ್ರ ಸುಳ್ಳು ಯಾಕೆ ಹೇಳ್ಲಿ ಮಾರಾಯ್ರೆ" ಎಂದರು ಗಿರಿಜಮ್ಮ. "ಈಗ ಹೂಂ ಅಂತೀನಿ. ನಾಳೆ ಮೈಗೆ ಎಣ್ಣೆ ಹಚ್ಚಿ ಮಗಳನ್ನ ಕೂರ್ಸಿದಾಗ ಥಂಡಿ ಗಾಳಿ ಬಂದ್ರೆ ಮತ್ತೆ ಮುಚ್ತೀನಿ. ಗೀಸರ್ ಕೂರ್ಸಿದವ್ನೂ ಇದನ್ನೇ ಹೇಳಿದ್ದ."

ನಾನು ಹೋಗಿ ಹಿತ್ತಲ ಮೆಟ್ಟಿಲ ಮೇಲೆ ಕೂತೆ. ಆ ವಾರದಲ್ಲೇ ತೀರ್ಥಹಳ್ಳಿಯಲ್ಲಿ ಒಂದು ಮನೆ, ಇಕ್ಕೇರಿಯ ಹತ್ತಿರ ಒಂದು ಮನೆ ಇದೇ ಮಾತಿಗೆ ತಲೆಯಾಡಿಸಿ ನನ್ನನ್ನು ಕಳಿಸಿದ್ದವು. ಅವರೂ ಮುಚ್ಚಿಕೊಂಡಿರುತ್ತಾರೆ. ಈ ಹೆಂಗಸು ಬಾಯಿಬಿಟ್ಟು ಹೇಳಿದರು, ಅಷ್ಟೇ ವ್ಯತ್ಯಾಸ.

ಎದ್ದು ಮಂಜುನಾಥನಿಗೆ ಹೇಳಿದೆ: "ಗೀಸರ್ ಹೊರಗೆ ಹೋಗ್ಬೇಕು. ಪೈಪಿನಲ್ಲಿ ಬಿಸಿನೀರು ಮಾತ್ರ ಒಳಗೆ ಬರ್ಲಿ."

"ಗೋಡೆ ತೂತು ಮಾಡ್ಬೇಕಲ್ಲ ಸಾರ್. ಟೈಲ್ಸ್ ಹಾಕಿ ವರ್ಷನೂ ಆಗಿಲ್ಲ."

ಗಿರಿಜಮ್ಮ ಒಳಗಿನಿಂದಲೇ ಹೇಳಿದರು: "ಒಡೀಲಿ ಬಿಡೋ. ನಾನು ಬಾಣಂತನ ಮಾಡ್ತಿರೋದು ಟೈಲ್ಸಿಗಲ್ಲ."

ಹೊರಗೆಂದರೆ ಎಲ್ಲಾದರೂ ಆಗುವುದಿಲ್ಲ. ಮಂಜುನಾಥ ಮೊದಲು ತೋರಿಸಿದ್ದು ತೊಟ್ಟಿಲಿದ್ದ ಕೋಣೆಯ ಕಿಟಕಿಯ ಕೆಳಗಿನ ಗೋಡೆ. ಅಲ್ಲಿ ಹಾಕಿದರೆ ಗೀಸರಿನ ವಿಷಗಾಳಿ ತೊಟ್ಟಿಲಿಗೆ ಹೋಗುತ್ತದೆ ಎಂದೆ. ಆಮೇಲೆ ತೋರಿಸಿದ್ದು ಬಟ್ಟೆ ಒಗೆಯುವ ಜಾಗ. ಅದಕ್ಕೆ ಮೂರು ಕಡೆ ಗೋಡೆ, ನಾಲ್ಕನೇ ಕಡೆ ಮಳೆಗೆಂದು ಪ್ಲಾಸ್ಟಿಕ್ ಇಳಿಬಿಟ್ಟಿದ್ದರು. ಅದೂ ಒಂದು ಕೋಣೆಯೇ. ಕೊನೆಗೆ ಹಿಂಬದಿಯ ಬಯಲು ಗೋಡೆ ಆರಿಸಿದೆವು. ಹತ್ತಿರ ಕಿಟಕಿಯಿಲ್ಲ, ಗಾಳಿ ಸರಾಗ. ಮಳೆ ಬಡಿಯದಂತೆ ಮೇಲೊಂದು ತಗಡು ಹೊಡೆದೆ. ಪೈಪ್ ಉದ್ದವಾದ್ದರಿಂದ ಮೊದಲ ಒಂದು ಬಕೆಟ್ ತಣ್ಣೀರೇ ಬರುತ್ತಿತ್ತು. ಮಂಜುನಾಥ ಅದಕ್ಕೊಂದಿಷ್ಟು ಗೊಣಗಿದ.

ಸುಮಾ ಮನೆಗೆ ಬಂದ ದಿನ ಹುಲಿಕಲ್ ಕಡೆ ಹೋಗುವ ಕೆಲಸವಿತ್ತು, ದಾರಿಯಲ್ಲಿ ಇಳಿದೆ. ಬಚ್ಚಲ ಬಾಗಿಲು, ಕಿಟಕಿ ಎರಡೂ ಹಾಕಿತ್ತು. ಹೊರಗೆ ಬರ್ನರ್ ನೀಲಿಯಾಗಿ ಉರಿಯುತ್ತಿತ್ತು. ಸ್ನಾನ ಮುಗಿಯುವ ತನಕ ನಾನೂ ಮಂಜುನಾಥನೂ ಹಿತ್ತಲಲ್ಲಿ ನಿಂತಿದ್ದೆವು. ಸುಮಾ ತಲೆಗೆ ಬಟ್ಟೆ ಸುತ್ತಿಕೊಂಡು ತಾನೇ ನಡೆದು ಹೊರಗೆ ಬಂದಳು.

"ತಲೆ ಸುತ್ತುತ್ತಾ?" ಅಣ್ಣ ಕೇಳಿದ.

"ಇಲ್ಲ. ಹಸಿವಾಗ್ತಿದೆ" ಎಂದಳು.

ಆಮೇಲೆ ನಾನು ಯಾರ ಮನೆಯಲ್ಲೂ ಕಿಟಕಿ ತೆರೆದಿಡಿ ಎಂದು ಹೇಳಿ ಕೈತೊಳೆದುಕೊಳ್ಳಲಿಲ್ಲ. ಚಳಿಯಾದರೆ ಮನುಷ್ಯ ಕಿಟಕಿ ಮುಚ್ಚಿಯೇ ಮುಚ್ಚುತ್ತಾನೆ, ಮಕ್ಕಳ ಮೇಲೆ ಪ್ರೀತಿಯಿದ್ದವರು ಇನ್ನೂ ಬಿಗಿಯಾಗಿ ಮುಚ್ಚುತ್ತಾರೆ. ಅವರು ಮುಚ್ಚಿಕೊಂಡರೂ ಬದುಕಿರುವಂಥ ಜಾಗದಲ್ಲಿ ಬೆಂಕಿಯನ್ನು ಇಡುವುದೇ ನಮ್ಮ ಕೆಲಸ.